ಪೊಲೀಸರಿಲ್ಲದ ಕಾನೂನೂ ಕಾನೂನೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಬೇರಿನವು. ಮೊದಲನೆಯದಕ್ಕೆ ಉದ್ದ ಉತ್ತರ ಬೇಕು. ಉಳಿದವಕ್ಕೆ ಅದರ ಬೆಳಕಿನಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಾಗ ನೆಲ್ಲು ಬೆಳೀತೀನಿ. ಮಗಳು ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಓದ್ತಾಳೆ. ರಜಾಕ್ಕೆ ಊರಿಗೆ ಬಂದಾಗೆಲ್ಲ ರಾತ್ರಿ ಟಿವಿ ಮುಂದೆ ನಮ್ಮಿಬ್ಬರದು ಇದೇ ವಾದ. ಉಕ್ರೇನ್ ಮೇಲೆ ಬಾಂಬ್ ಬಿದ್ದರೂ, ಗಾಜಾ ಮೇಲೆ ಬಿದ್ದರೂ ‘ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ’ ಅಂತಾರೆ. ಹಿಡಿಯಾಕ ಪೊಲೀಸರಿಲ್ಲ, ಹಾಕಾಕ ಜೈಲಿಲ್ಲ. ಅದನ್ನ ಕಾನೂನು ಅಂತ ಯಾಕ ಕರೀಬೇಕು? ಅವಳ ಪುಸ್ತಕದಾಗ ಆಸ್ಟಿನ್ ಅನ್ನೋ ಪಂಡಿತರೂ ಅದು ಕಾನೂನಲ್ಲ ಅಂದಾರಂತ. ನನ್ನ ಮಾತೇ ಸರಿ ಅಂತ ಒಂದು ಸಾಲು ಬರೀರಿ.

ಉತ್ತರ: ಆ ಒಂದು ಸಾಲನ್ನು ಬರೆಯಲಾರೆ, ಯಜಮಾನರೇ. ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಕಡೆಗೆ ಒಪ್ಪಿಕೊಳ್ಳುತ್ತೇನೆ. ಮೊದಲು ನಿಮ್ಮ ಕಾಲುವೆಯ ದಂಡೆಗೇ ಹೋಗೋಣ.

ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಯಾವ ಜಮೀನಿಗೆ ಎಷ್ಟು ನೀರು, ಯಾವ ಬೆಳೆ ಎಂಬುದು ಕಾಗದದ ಮೇಲೆ ನಿಗದಿಯಾಗಿದೆ. ಬಹುಪಾಲು ಭೂಮಿ ಮಿತ ನೀರಾವರಿ ಬೆಳೆಗೆಂದು ಗುರುತಾದದ್ದು. 1965ರ ಕರ್ನಾಟಕ ನೀರಾವರಿ ಕಾಯ್ದೆ ಇದೆ, ಎಂಜಿನಿಯರರಿದ್ದಾರೆ, ತಹಶೀಲ್ದಾರರಿದ್ದಾರೆ, ಬೇಸಿಗೆ ಬಂತೆಂದರೆ ಕಾಲುವೆಗುಂಟ ನಿಷೇಧಾಜ್ಞೆ ಹಾಕಿ ಪೊಲೀಸರನ್ನೂ ನಿಲ್ಲಿಸುತ್ತಾರೆ. ಆದರೂ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಳಿಯುತ್ತದೆ, ಅನಧಿಕೃತ ಗದ್ದೆಗಳು ಹಸಿರಾಗುತ್ತವೆ, ನಿಮ್ಮ ತೂಬಿನಲ್ಲಿ ನೀರು ಹನಿಯುವುದಿಲ್ಲ. ಆಗ ನೀವು ಏನು ಮಾಡುತ್ತೀರಿ? ಕಾಯ್ದೆಯೇ ಸುಳ್ಳು ಎಂದು ಮನೆಯಲ್ಲಿ ಕೂರುವುದಿಲ್ಲ. ಟ್ರ್ಯಾಕ್ಟರ್ ಕಟ್ಟಿಕೊಂಡು ನೀರಾವರಿ ಕಚೇರಿ ಮುಂದೆ ಹೋಗಿ, ‘69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಕಾಯ್ದುಕೊಳ್ಳಿ’ ಎಂದು ಕೂಗುತ್ತೀರಿ. ಭಿಕ್ಷೆ ಕೇಳುವವರು ಹಾಗೆ ಕೂಗುವುದಿಲ್ಲ, ಹಕ್ಕು ಇದೆ ಎಂದು ಬಲ್ಲವರು ಕೂಗುತ್ತಾರೆ. ನೀರು ಬಾರದ ವರ್ಷವೂ ಆ ಹಕ್ಕು ನಿಮ್ಮ ಕೈಯಲ್ಲೇ ಇತ್ತು.

ಬಳ್ಳಾರಿಯ ಗಣಿಯನ್ನೂ ನೆನೆಸಿಕೊಳ್ಳಿ. ಗಣಿ ಕಾಯ್ದೆ, ಅರಣ್ಯ ಕಾಯ್ದೆ, ಠಾಣೆ, ಕೋರ್ಟು ಎಲ್ಲ ಇದ್ದವು. ಆದರೂ ಪರವಾನಗಿಯಿಲ್ಲದ ಅದಿರು ಹಗಲು ರಾತ್ರಿ ಲಾರಿಗಳಲ್ಲಿ ಬಂದರಿಗೆ ಹೋಯಿತು. ಕರ್ನಾಟಕ–ಆಂಧ್ರ ಗಡಿಯ ಗುರುತುಗಳನ್ನೇ ಅಳಿಸಿದ ಆರೋಪ ಬಂತು, ಗಡಿಯನ್ನು ಸರ್ವೆ ಆಫ್ ಇಂಡಿಯಾದವರು ಹೊಸದಾಗಿ ಅಳೆಯಬೇಕಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಇದ್ದದ್ದಕ್ಕೇ ಅದನ್ನು ಅಕ್ರಮ ಎಂದು ಕರೆದೆವು. ಮುರಿದದ್ದು ಕಂಡಾಗ ಕಾನೂನೇ ಇಲ್ಲ ಎನ್ನುವ ತೀರ್ಮಾನವನ್ನು ನಾವು ನಮ್ಮೂರಿನ ವಿಷಯದಲ್ಲಿ ಮಾಡುವುದಿಲ್ಲ. ಲೋಕದ ವಿಷಯದಲ್ಲಿ ಮಾತ್ರ ಥಟ್ಟನೆ ಮಾಡಿಬಿಡುತ್ತೇವೆ.

ಈಗ ನಿಮ್ಮ ಪಂಡಿತರ ಮಾತು. ಜಾನ್ ಆಸ್ಟಿನ್ ಇಂಗ್ಲೆಂಡಿನವರು. 1832ರಲ್ಲಿ ಪ್ರಕಟವಾದ ಅವರ ಉಪನ್ಯಾಸಗಳ ತಿರುಳು ಇಷ್ಟೇ: ಯಾರಿಗೂ ತಲೆಬಾಗದ ಒಬ್ಬ ಒಡೆಯ ಆಜ್ಞೆ ಕೊಡಬೇಕು, ಮೀರಿದರೆ ಶಿಕ್ಷೆ ಆಗಬೇಕು, ಅದು ಕಾನೂನು. ದೇಶಗಳಿಗೆ ಅಂಥ ಒಡೆಯನಿಲ್ಲ, ಹಾಗಾಗಿ ಅವುಗಳ ನಡುವಿನ ಕಟ್ಟಳೆ ಬರೀ ನೀತಿ. ಓದಿದಾಗ ಒಪ್ಪಬೇಕು ಅನಿಸುತ್ತದೆ. ಆದರೆ ಇದೇ ಅಳತೆಗೋಲನ್ನು ನಮ್ಮ ಸಂವಿಧಾನಕ್ಕೆ ಹಿಡಿದು ನೋಡಿ. ಸಂವಿಧಾನ ಸರ್ಕಾರವನ್ನೇ ಕಟ್ಟಿಹಾಕುತ್ತದೆ. ಪೊಲೀಸರು ಇರುವುದು ಯಾರ ಕೈಯಲ್ಲಿ? ಅದೇ ಸರ್ಕಾರದ ಕೈಯಲ್ಲಿ. ಸುಪ್ರೀಂ ಕೋರ್ಟಿಗೆ ಸ್ವಂತದ್ದೊಂದು ಪಡೆ ಇಲ್ಲ, ಒಬ್ಬ ಹವಾಲ್ದಾರನೂ ಇಲ್ಲ. ಆದರೂ ಅದರ ಆದೇಶಕ್ಕೆ ಸರ್ಕಾರಗಳು ಬಗ್ಗುತ್ತವೆ. ಆಸ್ಟಿನ್ನರ ಲೆಕ್ಕ ಹಿಡಿದರೆ ಸಂವಿಧಾನವೂ ಕಾನೂನಲ್ಲ ಎನ್ನಬೇಕಾಗುತ್ತದೆ. ಅಲ್ಲಿಗೆ ಆ ಅಳತೆಗೋಲೇ ಗಿಡ್ಡ ಎಂದಾಯಿತಲ್ಲ! 1961ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಕಾನೂನು ಪಂಡಿತ ಎಚ್.ಎಲ್.ಎ. ಹಾರ್ಟ್ ಇದನ್ನು ಬಿಡಿಸಿ ತೋರಿಸಿದರು. ಬಂದೂಕು ಹಿಡಿದ ದರೋಡೆಕೋರನೂ ಆಜ್ಞೆ ಕೊಡುತ್ತಾನೆ, ಮೀರಿದರೆ ಶಿಕ್ಷೆಯೂ ಕಾದಿರುತ್ತದೆ, ಹಾಗೆಂದು ಅವನ ಮಾತನ್ನು ಕಾನೂನು ಎನ್ನುತ್ತೇವೆಯೇ? ಬರೀ ಹೆದರಿಕೆಗೆ ನಡೆಯುವುದು ಬೇರೆ, ಹೀಗೆ ನಡೆಯಬೇಕಾದದ್ದು ನ್ಯಾಯ ಎಂದು ಒಪ್ಪಿ ನಡೆಯುವುದು ಬೇರೆ. ಅಂತರರಾಷ್ಟ್ರೀಯ ವ್ಯವಸ್ಥೆ ಇನ್ನೂ ಎಳಸು ಎಂದು ಹಾರ್ಟ್ ಕೂಡ ಒಪ್ಪಿದರು. ಶಾಸನ ಮಾಡುವ ಸಭೆ, ಎಲ್ಲರನ್ನೂ ಎಳೆತರುವ ಕೋರ್ಟು ಅಲ್ಲಿಲ್ಲ. ಎಳಸು ಎಂದರು, ಇಲ್ಲವೇ ಇಲ್ಲ ಎನ್ನಲಿಲ್ಲ.

ನನ್ನ ಮಟ್ಟಿಗೆ ಕಾನೂನಿನ ನಿಜವಾದ ಪರೀಕ್ಷೆ ಮುರಿದವನ ಬಾಯಲ್ಲಿದೆ. ಸಿಕ್ಕಿಬಿದ್ದ ಕಳ್ಳ ‘ಕಳ್ಳತನ ತಪ್ಪಲ್ಲ’ ಎಂದು ವಾದಿಸುವುದಿಲ್ಲ, ‘ನಾನು ಕದ್ದಿಲ್ಲ’ ಎನ್ನುತ್ತಾನೆ. 2022ರ ಫೆಬ್ರುವರಿ 24ರಂದು ಉಕ್ರೇನಿನೊಳಗೆ ಸೈನ್ಯ ನುಗ್ಗಿಸಿದ ರಷ್ಯಾ ಅದೇ ದಿನ ವಿಶ್ವಸಂಸ್ಥೆಗೆ ಪತ್ರ ಕೊಟ್ಟು, ಸನ್ನದಿನ 51ನೇ ವಿಧಿಯ ಆತ್ಮರಕ್ಷಣೆ ಹಕ್ಕಿನಡಿ ಹೊರಟಿದ್ದೇವೆ ಎಂದಿತು. ಆ ವಾದ ಪೊಳ್ಳು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಅಷ್ಟು ಅಣುಬಾಂಬು ಇಟ್ಟುಕೊಂಡ ದೇಶಕ್ಕೆ ಕಾನೂನಿನ ವಿಧಿಯೊಂದನ್ನು ಹುಡುಕಿ ತೆಗೆಯುವ ದರಕಾರು ಏನಿತ್ತು? ಬಲವೇ ಎಲ್ಲ ಆಗಿದ್ದರೆ ‘ನಮ್ಮಿಷ್ಟ’ ಎಂದು ಸುಮ್ಮನಾಗಬಹುದಿತ್ತು. ಹಾಗನ್ನುವ ಧೈರ್ಯ ಯಾವ ದೇಶಕ್ಕೂ ಇಲ್ಲ.

ಸೋತವರು ತಲೆಬಾಗಿದ ಉದಾಹರಣೆಯೂ ಬೇಕಲ್ಲವೇ? ಅದಕ್ಕೆ ನಮ್ಮ ದೇಶವೇ ಸಾಕು. ಕಛ್ ರಣದ ಗಡಿ ತಕರಾರಿನಲ್ಲಿ 1968ರ ನ್ಯಾಯಮಂಡಳಿ ಸುಮಾರು ಹತ್ತನೇ ಒಂದು ಪಾಲನ್ನು ಪಾಕಿಸ್ತಾನಕ್ಕೆ ಕೊಟ್ಟಿತು. ಮೂರು ವರ್ಷದ ಹಿಂದಷ್ಟೇ ಯುದ್ಧ ಮಾಡಿದ ಎದುರಾಳಿ ಅದು. ಸಂಸತ್ತಿನಲ್ಲಿ ಗದ್ದಲವಾಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ಭಾರತ ತೀರ್ಪನ್ನು ಪಾಲಿಸಿತು. ಬಂಗಾಳ ಕೊಲ್ಲಿಯ ಗಡಿಯಲ್ಲಿ 2014ರ ಜುಲೈ 7ರಂದು ಬಂದ ತೀರ್ಪು ತಕರಾರಿದ್ದ 25,602 ಚದರ ಕಿ.ಮೀ. ಸಮುದ್ರದಲ್ಲಿ 19,467 ಚದರ ಕಿ.ಮೀ.ಯನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ನೌಕಾಬಲದಲ್ಲಿ ಬಾಂಗ್ಲಾದೇಶ ನಮಗೆ ಸಮವೇ? ಆದರೂ ಒಪ್ಪಿದೆವು. ಇದರಲ್ಲಿ ಭಾರತೀಯನಾಗಿ ನನಗೆ ಹೆಮ್ಮೆಯಿದೆ.

ಇದೆಲ್ಲ ಯುರೋಪಿನವರು ಹೊಲಿದ ಅಂಗಿ, ನಮ್ಮ ಮೈಗೆ ಹೊಂದದು ಎನ್ನುವವರಿದ್ದಾರೆ. ಅವರನ್ನು ಮುದಗಲ್ಲಿಗೆ ಕರೆದುಕೊಂಡು ಹೋಗಬೇಕು. ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1366ರ ಸುಮಾರಿಗೆ ಬುಕ್ಕರಾಯನಿಗೂ ಮೊದಲನೇ ಮುಹಮ್ಮದ್ ಷಾಗೂ ನಡೆದ ಯುದ್ಧವನ್ನು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮುದಗಲ್ ಕೋಟೆಯಲ್ಲಿದ್ದವರನ್ನು ವಿಜಯನಗರದವರು ಕೊಂದದ್ದಕ್ಕೆ ಪ್ರತಿಯಾಗಿ ಸುಲ್ತಾನ ಹೊಳೆ ದಾಟಿ ಊರೂರು ಕಡಿಸಿದನಂತೆ. ಫೆರಿಷ್ತಾ ಕೊಡುವ ಸಾವಿನ ಲೆಕ್ಕವನ್ನು ನಂಬಬೇಕಿಲ್ಲ. ಆದರೆ ಮುಂದೆ ಅವನು ಹೇಳುವುದನ್ನು ನೋಡಿ: ವಿಜಯನಗರದ ರಾಯಭಾರಿಗಳು ಸುಲ್ತಾನನ ಮನವೊಲಿಸಿದರು, ಇನ್ನು ಮೇಲೆ ಗೆದ್ದ ನಂತರ ಶರಣಾದವರನ್ನೂ ಆಯುಧವಿಲ್ಲದ ಜನರನ್ನೂ ಕೊಲ್ಲುವುದಿಲ್ಲ ಎಂದು ಅವನಿಂದ ಮಾತು ಪಡೆದರು, ಅಂದಿನಿಂದ ಅದು ದಖನ್ನಿನ ವಾಡಿಕೆಯಾಯಿತು. ಆ ಮಾತು ಮುಂದೆ ಮುರಿದದ್ದೂ ಉಂಟು. ಆದರೂ ಮೇಲೆ ಯಾವ ಒಡೆಯನೂ ಇಲ್ಲದ ಇಬ್ಬರು ಅರಸರು ತಮ್ಮ ಕೈಗೆ ತಾವೇ ಕಟ್ಟು ಹಾಕಿಕೊಂಡರು. ಯುದ್ಧದಲ್ಲಿ ಶರಣಾದವರನ್ನೂ ಸಾಮಾನ್ಯ ಜನರನ್ನೂ ಕಾಯುವ ಜಿನೀವಾ ಒಪ್ಪಂದಗಳ ಜೀವವೂ ಇದೇ ಮಾತು, ಐನೂರು ವರ್ಷ ತಡವಾಗಿ ಬಂದದ್ದು.

ಈಗ ನಿಮ್ಮ ಅರ್ಧ ನಿಜ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೋ, ಎಂದರೆ ನಿರ್ಣಯವನ್ನು ಒಂಟಿಯಾಗಿ ತಡೆಯುವ ಅಧಿಕಾರ, ಇದೆ. ಅಂದರೆ ಕಾಲುವೆಯ ಮೇಲ್ಭಾಗದ ಐವರ ಕೈಗೆ ತೂಬಿನ ಕೀಲಿ ಕೊಟ್ಟಂತೆ. 1986ರ ಜೂನ್ 27ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಮೆರಿಕ ತಪ್ಪಿತಸ್ಥ, ನಿಕರಾಗುವಾ ಎಂಬ ಪುಟ್ಟ ದೇಶಕ್ಕೆ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ಜಾರಿಗೆಂದು ನಿಕರಾಗುವಾ ಭದ್ರತಾ ಮಂಡಳಿಗೆ ಹೋದಾಗ ಅಮೆರಿಕವೇ ವೀಟೋ ಹಾಕಿತು. ಪರಿಹಾರ ಬರಲೇ ಇಲ್ಲ. ಉಕ್ರೇನಿನ ಯುದ್ಧ ನಿಲ್ಲಿಸಿ ಎಂದು ಅದೇ ನ್ಯಾಯಾಲಯ 2022ರ ಮಾರ್ಚ್ 16ರಂದು ಆದೇಶಿಸಿತು, ರಷ್ಯಾ ನಿಲ್ಲಿಸಲಿಲ್ಲ. ಗಾಜಾದ ಮಕ್ಕಳ ಚಿತ್ರ ನೋಡುತ್ತ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದು, ನನಗೂ ಅದೇ ಸಿಟ್ಟಿದೆ. ಆದರೆ ಆ ಸಿಟ್ಟು ಹರಿಯಬೇಕಾದದ್ದು ಕೀಲಿ ಹಿಡಿದವರ ಕಡೆಗೆ. ಕಾನೂನೇ ಇಲ್ಲ ಎಂದುಬಿಟ್ಟರೆ ಮೇಲ್ಭಾಗದವರಿಗೆ ಅದಕ್ಕಿಂತ ಅನುಕೂಲದ ಮಾತು ಬೇರೆ ಇಲ್ಲ.

ಮಗಳಿಗೂ ಒಂದು ಮಾತು ತಿಳಿಸಿ. ಅವಳ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕಲ್ಲ, ಅದರ ಬೇರು 1997ರ ವಿಶಾಖಾ ತೀರ್ಪಿನಲ್ಲಿದೆ. ಆಗ ದೇಶದಲ್ಲಿ ಆ ಬಗ್ಗೆ ಕಾಯ್ದೆ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ತೊಡೆಯುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1993ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಆಧರಿಸಿ ನಿಯಮ ರೂಪಿಸಿತು. ಸಂಸತ್ತಿನ ಕಾಯ್ದೆ ಬಂದದ್ದು 2013ರಲ್ಲಿ. ನಡುವಿನ ಹದಿನಾರು ವರ್ಷ ನಮ್ಮ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದು ಆ ತೀರ್ಪು, ಆ ತೀರ್ಪಿಗೆ ಆಸರೆಯಾಗಿದ್ದು ನೀವು ಕಾನೂನೇ ಅಲ್ಲ ಎನ್ನುವ ಆ ಕಾನೂನು.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ಭಾಷಣ ಮುಗಿದ ಮೇಲೆ ಒಬ್ಬ ಹುಡುಗ, ‘ಮಿಸ್, ನಿಜಾಮ ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ದನಂತೆ, ಹಾಗಾದರೆ ನಾವು ಕಾನೂನು ಮುರಿದೆವಾ?’ ಎಂದು ಕೇಳಿದ. ಏನು ಹೇಳಲಿ?

ಉತ್ತರ: ಆ ಹುಡುಗನ ಬೆನ್ನು ತಟ್ಟಿ, ತಾಯಿ. ಉತ್ಸವದ ದಿನ ಇಂಥ ಪ್ರಶ್ನೆ ಕೇಳುವ ಹುಡುಗರು ಬೇಕು.

ದೂರು ಕೊಟ್ಟದ್ದು ನಿಜ. ಆಗ ನಮ್ಮ ಈ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1947ರ ನವೆಂಬರ್ 29ರಂದು ಭಾರತಕ್ಕೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಗಿತ್ತು. ಅದು ಎರಡೂ ಕಡೆಯಿಂದ ಹಳಸುತ್ತ ಬಂತು. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಗೆ ನಮ್ಮ ಜಿಲ್ಲೆಗಳ ಹಳ್ಳಿಗಳು ತತ್ತರಿಸಿದವು, ಗಡಿಯಾಚೆಗೆ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರವನ್ನು ಮುನ್ನಡೆಸಿದವರು ನಿಮ್ಮದೇ ಜಿಲ್ಲೆಯ ಅಳವಂಡಿ ಶಿವಮೂರ್ತಿ ಸ್ವಾಮಿಗಳು. 1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭದ್ರತಾ ಮಂಡಳಿಗೆ ತಂತಿ ಕಳಿಸಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 16ರಂದು ಪ್ಯಾರಿಸ್‌ನಲ್ಲಿ ಸೇರಿದ ಮಂಡಳಿ ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಂಡಿತು. 17ರಂದು ನಿಜಾಮರು ಶರಣಾದರು. ಕೆಲವೇ ದಿನಗಳಲ್ಲಿ ದೂರನ್ನೂ ಹಿಂದಕ್ಕೆ ಪಡೆದರು.

ಹುಡುಗನಿಗೆ ಮುಖ್ಯವಾಗಿ ತೋರಿಸಬೇಕಾದದ್ದು ಭಾರತ ಅಲ್ಲಿ ಆಡಿದ ಮಾತು. ಭಾರತದ ಪರ ನಿಂತವರು ಆಗ ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರ್. ವಿಶ್ವಸಂಸ್ಥೆಯ ಕಾನೂನು ನಮಗೆ ಲೆಕ್ಕವಿಲ್ಲ ಎಂದು ಭಾರತ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಅದೇ ವರ್ಷದ ಜನವರಿ 1ರಂದು ಕಾಶ್ಮೀರದ ದೂರು ಹೊತ್ತು ಅದೇ ಬಾಗಿಲಿಗೆ ಹೋಗಿದ್ದವರು ನಾವು. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ, ಹಾಗಾಗಿ ದೂರು ಕೊಡುವ ಅರ್ಹತೆ ಅದಕ್ಕಿಲ್ಲ, ಇದು ನಮ್ಮ ಮನೆಯೊಳಗಿನ ವಿಷಯ ಎಂಬುದು ಭಾರತದ ವಾದ.

ದೇಶ ಎನಿಸಿಕೊಳ್ಳಲು ಏನು ಬೇಕು ಎಂಬುದಕ್ಕೆ 1933ರ ಮಾಂಟೆವಿಡಿಯೊ ಒಡಂಬಡಿಕೆ ನಾಲ್ಕು ಗುರುತು ಹೇಳುತ್ತದೆ: ಜನ, ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಮೊದಲ ಮೂರು ನಿಜಾಮರಿಗಿದ್ದವು. ನಾಲ್ಕನೆಯದು ಬ್ರಿಟಿಷರ ಕಾಲದುದ್ದಕ್ಕೂ ಇರಲಿಲ್ಲ. ಬ್ರಿಟಿಷರ ಪರಮಾಧಿಕಾರ ಕಳಚಿದ ದಿನವೇ ಅದು ತಾನಾಗಿ ಹುಟ್ಟಿತೆಂದು ನಿಜಾಮರ ವಕೀಲರು ಹೇಳಿದರು, ಹುಟ್ಟಲಿಲ್ಲವೆಂದು ನಮ್ಮವರು. ಬರೀ ಪುಸ್ತಕದ ಕಾನೂನು ಹಿಡಿದರೆ ಎರಡೂ ಕಡೆ ಹುರುಳಿದೆ, ಮಂಡಳಿ ತೀರ್ಮಾನವನ್ನೇ ಕೊಡಲಿಲ್ಲ. ನನ್ನ ತೂಕ ಭಾರತದ ಕಡೆಗೆ, ಕಾರಣ ಜನ. ಆ ಪ್ರಜೆಗಳನ್ನು ಯಾವತ್ತೂ ಕೇಳದೆ ಅವರ ಹೆಸರಿನಲ್ಲಿ ಒಬ್ಬ ಅರಸ ಸ್ವತಂತ್ರ ದೇಶ ಘೋಷಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಸೈನ್ಯ ಬಂದ ಮೇಲೆ ಕೆಲವೆಡೆ ಅಮಾಯಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಮಕ್ಕಳಿಂದ ಮುಚ್ಚಿಡಬೇಡಿ. ದೊಡ್ಡ ತರಗತಿಯವರಾದರೆ ಎರಡು ಗುಂಪು ಮಾಡಿ ಭದ್ರತಾ ಮಂಡಳಿಯ ವಾದ ಮಾಡಿಸಿ. ನಿಜಾಮರ ಕಡೆಯ ವಕೀಲನಾಗಿ ಆ ಹುಡುಗನನ್ನೇ ನಿಲ್ಲಿಸಿ.

ಪ್ರಶ್ನೆ: ಗಂಗಾವತಿ ಕಡೆ ನೆಲ್ಲಿನ ಬೆಂಬಲ ಬೆಲೆ ಮಾತು ಬಂದಾಗಲೆಲ್ಲ ‘ಡಬ್ಲ್ಯುಟಿಒ ಬಿಡೋದಿಲ್ಲ’ ಅಂತಾರೆ. ನಮ್ಮ ರೈತರಿಗೆ ನಾವು ದುಡ್ಡು ಕೊಡೋದಕ್ಕೆ ಅವರ್ಯಾರು ಕೇಳೋಕೆ?

ಉತ್ತರ: ಕೇಳುವ ಹಕ್ಕನ್ನು ನಾವೇ ಬರೆದುಕೊಟ್ಟಿದ್ದೇವೆ. ವಿಶ್ವ ವ್ಯಾಪಾರ ಸಂಘಟನೆಯ (ಡಬ್ಲ್ಯುಟಿಒ) ಕೃಷಿ ಒಪ್ಪಂದದ ಪ್ರಕಾರ ನಮ್ಮಂಥ ದೇಶ ಒಂದು ಬೆಳೆಗೆ ಕೊಡುವ ಬೆಲೆ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10 ಮೀರಬಾರದು. ಅದನ್ನು ಅಳೆಯುವುದು 1986–88ರ ಬೆಲೆಗೆ ಹೋಲಿಸಿ. ಅಂದಿನ ಡೀಸೆಲ್ಲಿಗೆ, ಗೊಬ್ಬರಕ್ಕೆ ಏನಿತ್ತು, ಇಂದು ಏನಾಗಿದೆ! ಈ ಲೆಕ್ಕ ಅನ್ಯಾಯ ಎಂದು ಭಾರತ ವರ್ಷಗಳಿಂದ ಜಗಳವಾಡುತ್ತಿದೆ, ಆ ಜಗಳ ನ್ಯಾಯವಾದದ್ದು. 2013ರಲ್ಲಿ ಬಾಲಿ ಸಭೆಯಲ್ಲಿ ಒಂದು ರಕ್ಷಣೆ ಸಿಕ್ಕಿತು: ಕಾಯಂ ಪರಿಹಾರ ಸಿಗುವ ತನಕ, ಆಹಾರ ಭದ್ರತೆಗಾಗಿ ಧಾನ್ಯ ಕೊಳ್ಳುವ ದೇಶ ಮಿತಿ ದಾಟಿದರೂ ಷರತ್ತುಗಳಿಗೆ ಒಳಪಟ್ಟು ಅದರ ಮೇಲೆ ಮೊಕದ್ದಮೆ ಹಾಕುವಂತಿಲ್ಲ. 2018–19ರ ಅಕ್ಕಿಯಲ್ಲಿ ಭಾರತ ಮಿತಿ ದಾಟಿತು, ಆ ರಕ್ಷಣೆಯನ್ನೂ ಬಳಸಿಕೊಂಡಿತು. ಆದ್ದರಿಂದ ಖರೀದಿ ಕೇಂದ್ರ ತಡವಾಗಿ ತೆರೆದರೆ ಡಬ್ಲ್ಯುಟಿಒ ಕಡೆ ಬೆರಳು ತೋರಿಸುವವರನ್ನು ನಂಬಬೇಡಿ.

ಇದೇ ಕಾನೂನು ದೊಡ್ಡವರನ್ನೂ ಹಿಡಿದದ್ದುಂಟು. ರಾಯಚೂರಿನ ಹತ್ತಿ ಬೆಳೆಗಾರರು ಇದನ್ನು ಗಮನಿಸಬೇಕು. ಅಮೆರಿಕ ತನ್ನ ಹತ್ತಿ ರೈತರಿಗೆ ಸುರಿದ ಸಬ್ಸಿಡಿಯಿಂದ ಲೋಕದ ಬೆಲೆ ಕುಸಿಯುತ್ತಿದೆ ಎಂದು ಬ್ರೆಜಿಲ್ 2002ರಲ್ಲಿ ದೂರು ಕೊಟ್ಟು ಗೆದ್ದಿತು. ಅಮೆರಿಕ ಸರಿಪಡಿಸಿಕೊಳ್ಳದಿದ್ದಾಗ ಪ್ರತೀಕಾರದ ಸುಂಕಕ್ಕೂ ಅನುಮತಿ ಪಡೆಯಿತು. ಆಗ ಅಮೆರಿಕ ವರ್ಷಕ್ಕೆ ಸುಮಾರು 14.7 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಬೇಸರವೆಂದರೆ, ನ್ಯಾಯಾಧೀಶರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ ಅದೇ ಸಂಘಟನೆಯ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ.

ಪ್ರಶ್ನೆ: ನನ್ನ ತಮ್ಮ ಸೌದಿಯಲ್ಲಿ ಡ್ರೈವರ್. ಅಪಘಾತವೊಂದರ ಕೇಸಿನಲ್ಲಿ ಹಿಡಿದಿಟ್ಟಿದ್ದಾರೆ, ಪಾಸ್‌ಪೋರ್ಟ್ ಮಾಲೀಕನ ಬಳಿ ಇದೆ. ಫೋನ್ ಸಿಗುತ್ತಿಲ್ಲ. ಹೇಗ್ ಕೋರ್ಟಿಗೆ ನಾನು ಅರ್ಜಿ ಹಾಕಬಹುದಾ? ಅಮ್ಮ ಊಟ ಬಿಟ್ಟಿದ್ದಾರೆ. – ರಾಯಚೂರಿನ ಒಬ್ಬ ಅಕ್ಕ

ಉತ್ತರ: ತಂಗಿ, ಹೇಗ್ ಕೋರ್ಟಿಗೆ ದೇಶಗಳು ಮಾತ್ರ ಹೋಗಬಹುದು, ವ್ಯಕ್ತಿಗಳಿಗೆ ಅವಕಾಶವಿಲ್ಲ. ನಿಮಗೆ ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ. 1963ರ ವಿಯೆನ್ನಾ ದೂತಾವಾಸ ಒಡಂಬಡಿಕೆಯ 36ನೇ ವಿಧಿಯ ಪ್ರಕಾರ, ಪರದೇಶದಲ್ಲಿ ಬಂಧನಕ್ಕೊಳಗಾದವನು ತನ್ನ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳಬಹುದು. ಕೇಳಿದರೆ ಪೊಲೀಸರು ತಡಮಾಡದೆ ತಿಳಿಸಬೇಕು, ಈ ಹಕ್ಕಿದೆ ಎಂಬುದನ್ನೂ ಅವನಿಗೆ ಹೇಳಬೇಕು. ದೂತಾವಾಸದವರು ಅವನನ್ನು ಜೈಲಿನಲ್ಲಿ ಕಾಣಬಹುದು, ವಕೀಲರ ವ್ಯವಸ್ಥೆ ಮಾಡಬಹುದು. ಸೌದಿಯೂ ಈ ಒಡಂಬಡಿಕೆಗೆ ಸೇರಿದೆ. ಪಾಕಿಸ್ತಾನದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಇದೇ ವಿಧಿಯನ್ನು ಮುರಿದಿದೆ ಎಂದು 2019ರ ಜುಲೈ 17ರಂದು ಹೇಗ್‌ನ ಹದಿನಾರು ನ್ಯಾಯಾಧೀಶರಲ್ಲಿ ಹದಿನೈದು ಜನ ಹೇಳಿದರು. ಗಲ್ಲು ಶಿಕ್ಷೆಗೆ ತಡೆ ಬಿದ್ದದ್ದು ಹಾಗೆ.

ಇವತ್ತೇ ಮಾಡಬೇಕಾದದ್ದು: ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಇಂಟರ್ನೆಟ್ ತಿಳಿಯದಿದ್ದರೆ ಹತ್ತಿರದ ಸೇವಾ ಕೇಂದ್ರದ ಹುಡುಗರಿಗೆ ಹೇಳಿ ಮಾಡಿಸಿ. ತಮ್ಮನ ಪಾಸ್‌ಪೋರ್ಟ್ ಪ್ರತಿ, ಕೆಲಸದ ಕರಾರು, ಮಾಲೀಕನ ಹೆಸರು, ಹಿಡಿದಿಟ್ಟ ಊರು, ಕಡೆಯ ಸಲ ಮಾತಾಡಿದ ದಿನ, ಇವಿಷ್ಟನ್ನೂ ಸೇರಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ವಿವರವನ್ನು ರಿಯಾದ್‌ನ ಭಾರತೀಯ ರಾಯಭಾರ ಕಚೇರಿಗೆ ಇ–ಮೇಲ್ ಮಾಡಿ. ಜಿದ್ದಾ ಕಡೆಯಾದರೆ ಅಲ್ಲಿನ ಕಾನ್ಸುಲೇಟ್‌ಗೆ ಕಳಿಸಿ. ಪ್ರತಿಯೊಂದನ್ನು ಜಿಲ್ಲಾಧಿಕಾರಿ ಕಚೇರಿಗೂ ಸಂಸದರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಸ್‌ಪೋರ್ಟ್ ಮಾಲೀಕನ ಸ್ವತ್ತಲ್ಲ, ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಆ ಮಾತನ್ನು ದೂರಿನಲ್ಲಿ ಬರೆಯಿರಿ. ಊರಿನಲ್ಲಿ ‘ಹಣ ಕೊಡಿ, ಬಿಡಿಸಿಕೊಂಡು ಬರ್ತೀವಿ’ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಜೊತೆಗಿರುವ ಕೆಲಸಗಾರರ ಫೋನಿನಿಂದ ತಮ್ಮ ಸಿಕ್ಕರೆ ಅವನಿಗೆ ಹೇಳಬೇಕಾದದ್ದು ಒಂದೇ: ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡ, ‘ಭಾರತದ ದೂತಾವಾಸಕ್ಕೆ ತಿಳಿಸಿ’ ಎಂದು ದಿನಾ ಕೇಳು. ಅಮ್ಮನಿಗೆ ಊಟ ಮಾಡಿಸಿ. ದೂರಿನ ಸಂಖ್ಯೆ ಸಿಕ್ಕ ಕೂಡಲೇ ನನಗೂ ಬರೆಯಿರಿ.